ಕಾವಲಿಗೆ ಸಗಣಿ ಹುಳ ಮರಳಿದ ವರ್ಷ

ಎರಡನೇ ಉತ್ತರೆ ಮಳೆಯ ಐದನೇ ದಿನ
ಹುಲ್ಲುವರ್ಷ ನೂರಾ ಎಂಬತ್ತೊಂದು
ಹಿರೇಕಾವಲು

ಹಿಂದಿನವರಾದ ನಿಮಗೆ ಹಿರೇಕಾವಲಿನ ಪಾಲಕ್ಕ ಮಾಡುವ ನಮಸ್ಕಾರಗಳು.

ಮೇಲೆ ಬರೆದಿರುವ ದಿನ ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ನಿಮ್ಮ ಕಾಲದಲ್ಲಿ ಉತ್ತರೆ ಮಳೆ ವರ್ಷಕ್ಕೆ ಒಂದೇ ಸಲ ಬರುತ್ತಿತ್ತೆಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಈಗ ಮಳೆಗಾಲ ಎರಡು ಕಂತಿನಲ್ಲಿ ಬರುತ್ತದೆ, ನಡುವೆ ಕಾದ ಹಂಚಿನಂಥ ಬಿಸಿಲು. ಹಾಗಾಗಿ ಮಳೆಗಳ ಹೆಸರುಗಳನ್ನು ಎರಡು ಸುತ್ತು ಎಣಿಸುತ್ತೇವೆ. ಇದು ಎರಡನೆಯ ಸುತ್ತಿನ ಉತ್ತರೆ. ಹುಲ್ಲುವರ್ಷವೆಂದರೆ ಈ ಬಯಲಿನಲ್ಲಿ ಉಳುಮೆ ನಿಲ್ಲಿಸಿ ನೆಲವನ್ನು ಮತ್ತೆ ಹುಲ್ಲಿಗೆ ಬಿಟ್ಟಾಗಿನಿಂದ ಹಿಡಿದ ಲೆಕ್ಕ. ನಿಮ್ಮ ಇಸವಿಗೆ ತಂದು ಹೇಳುವುದಾದರೆ ಎರಡು ಸಾವಿರದ ಮುನ್ನೂರು ದಾಟಿ ಕೆಲವು ವರ್ಷಗಳಾಗಿವೆ. ನನ್ನ ಬರವಣಿಗೆಯಲ್ಲಿ ನಿಮಗೆ ಪರಿಚಯವಿಲ್ಲದ ಶಬ್ದಗಳು ಬಂದರೆ ಮನ್ನಿಸಿ. ಅವು ನಮ್ಮ ನಾಲಿಗೆಗೆ ರೂಢಿಯಾಗಿ ಎಷ್ಟೋ ಕಾಲವಾಯಿತು, ನಿಮಗೆ ಮಾತ್ರ ಹೊಸವು. ಸಾಧ್ಯವಾದಲ್ಲೆಲ್ಲ ಬಿಡಿಸಿ ಹೇಳುತ್ತೇನೆ.

ನಾನು ಈ ಕಾವಲಿನ, ಅಂದರೆ ದನ ಮೇಯಲು ಬಿಟ್ಟ ಈ ಹುಲ್ಲುಬಯಲಿನ, ನಂಟುಗಾರ್ತಿ. ನಿಮ್ಮಲ್ಲಿ ಕಾವಲುಗಾರರಿದ್ದರು, ಅರಣ್ಯದವರಿದ್ದರು, ವಿಜ್ಞಾನಿಗಳಿದ್ದರು. ನನ್ನ ಕೆಲಸ ಮೂರೂ ಅಲ್ಲ, ಮೂರರಲ್ಲೂ ಸ್ವಲ್ಪ ಸ್ವಲ್ಪ. ಯಾವ ಜೀವಕ್ಕೆ ಯಾವುದರ ನಂಟು, ಯಾರು ಯಾರನ್ನು ತಿಂದು ಬದುಕುತ್ತಾರೆ, ಯಾರು ಬಿಟ್ಟದ್ದು ಯಾರ ಪಾಲಾಗುತ್ತದೆ ಎಂದು ನೋಡುತ್ತ ತಿರುಗುವುದು, ಎಲ್ಲಾದರೂ ನಂಟು ಹರಿದರೆ ಹಟ್ಟಿಯವರಿಗೆ ತಿಳಿಸುವುದು, ಇಷ್ಟೇ. ಏಳು ವರ್ಷ ಈ ಕೆಲಸ ಮಾಡಿದವರು ಒಂದು ಹಿಂದೋಲೆ ಬರೆಯಬೇಕೆಂಬ ಪದ್ಧತಿ ನಮ್ಮಲ್ಲಿದೆ. ಹಿಂದೋಲೆ ಎಂದರೆ ನಮಗಿಂತ ಮುಂಚೆ ಈ ನೆಲದ ಮೇಲೆ ಬದುಕಿದವರಿಗೆ ಬರೆಯುವ ಕಾಗದ. ಅದು ನಿಮ್ಮ ಕೈಗೆ ಹೇಗೆ ತಲುಪುತ್ತದೆ ಎಂದು ಯಾರೂ ಕೇಳುವುದಿಲ್ಲ, ನಾನೂ ಕೇಳಿಲ್ಲ. ಬರೆದದ್ದನ್ನು ಹಟ್ಟಿಯವರೆಲ್ಲ ಕುಳಿತು ಓದಿಸಿಕೊಳ್ಳುತ್ತಾರೆ. ನನ್ನ ಹಿಂದಿನವರು ಹೆಚ್ಚಾಗಿ ನಿಮ್ಮ ಮೇಲೆ ದೂರು ಬರೆದರು. ನನಗೆ ಬೇರೆ ವಿಷಯವಿದೆ.

ಮೊದಲು ನಮ್ಮ ಬದುಕು ಹೇಗಿದೆ ಎಂದು ಹೇಳಿಬಿಡುತ್ತೇನೆ. ನೀವು ಚಿತ್ರದುರ್ಗದ ಸೀಮೆ ಎನ್ನುತ್ತಿದ್ದ ಕಡೆ, ಗುಡ್ಡಗಳ ಮೂಡಣಕ್ಕೆ ನಮ್ಮ ಹಟ್ಟಿ. ಮನೆಗಳು ಸೊಂಟದ ಮಟ್ಟ ನೆಲದೊಳಗೆ ಇವೆ, ಮೇಲೆ ಹುಲ್ಲಿನ ಮಾಡು. ಮಧ್ಯಾಹ್ನಕ್ಕೆ ನಾವು ಬೇಯುಹೊತ್ತು ಅನ್ನುತ್ತೇವೆ; ಆ ಹೊತ್ತಿನಲ್ಲಿ ಯಾರೂ ಹೊರಗೆ ಬರುವುದಿಲ್ಲ, ದನವೂ ಬರುವುದಿಲ್ಲ. ಕೆಲಸವೆಲ್ಲ ಬೆಳಗಿನ ಜಾವ ಮತ್ತು ಸಂಜೆ. ಸಾಮೆ, ನವಣೆ, ಮಜ್ಜಿಗೆ, ತುಪ್ಪ, ಕಾವಲಿನಲ್ಲಿ ಸಿಗುವ ಸೊಪ್ಪು, ಇವು ನಮ್ಮ ಊಟ. ನೀವು ಗುಡ್ಡದ ಮೇಲೆ ನಿಲ್ಲಿಸಿದ ಗಾಳಿಯಂತ್ರಗಳ ರೆಕ್ಕೆಗಳು ಎಂದೋ ಬಿದ್ದುಹೋದವು, ಕಂಬಗಳು ಮಾತ್ರ ನಿಂತಿವೆ. ನಾವು ಅವನ್ನು ಗಾಳಿಗೂಟ ಎನ್ನುತ್ತೇವೆ. ಒಂದೊಂದು ಗೂಟದ ತುದಿಯಲ್ಲೂ ರಣಹದ್ದುಗಳ ಗೂಡಿದೆ. ಕಾವಲಿನ ಬಡಗಣಕ್ಕೆ ಗಾಜುಹೊಲ. ನೀವು ಬಿಸಿಲು ಹಿಡಿಯಲು ಹಾಸಿದ ಕಪ್ಪು ಹಲಗೆಗಳು ಒಡೆದು, ಪುಡಿಯಾಗಿ, ಗಾವುದ ಉದ್ದಕ್ಕೆ ಹರಡಿಕೊಂಡ ಜಾಗ. ಅಲ್ಲಿ ಗರಿಕೆಯೂ ಚಿಗುರುವುದಿಲ್ಲ. ಆ ಗಾಜುಹೊಲದ ಆಚೆ ಕರೇಕಲ್ಲು ಹಟ್ಟಿ.

ನಾವು ಬದುಕುವುದು ದನದಿಂದ, ದನ ಬದುಕುವುದು ಹುಲ್ಲಿನಿಂದ. ಹುಲ್ಲು ಯಾವುದರಿಂದ ಬದುಕುತ್ತದೆ ಎಂಬುದನ್ನು ನಾವು ಕೊಂಚ ಮರೆತಿದ್ದೆವು. ನಾನು ಹೇಳಹೊರಟಿದ್ದು ಅದನ್ನೇ.

ಮೂರು ವರ್ಷದ ಹಿಂದೆ ಮೊದಲನೆಯ ಸುತ್ತಿನ ಮಳೆ ಬಿಡದೆ ಹೊಡೆಯಿತು. ನೆಲ ಒಣಗಲೇ ಇಲ್ಲ. ಮಳೆ ಹೊಳವಾಗುವಷ್ಟರಲ್ಲಿ ಕರುಗಳಿಗೆ ಹೊಟ್ಟೆಹುಳದ ಬೇನೆ ಬಂತು. ಗಂಟಲ ಕೆಳಗೆ ನೀರು ತುಂಬಿ ಜೋತುಬೀಳುವುದು, ಭೇದಿ, ಆಮೇಲೆ ಎದ್ದು ನಿಲ್ಲಲಾರದೆ ಮಲಗಿಬಿಡುವುದು. ನನ್ನ ಗಂಡನ ಅಣ್ಣ ಬೋರಯ್ಯ ನಮ್ಮ ಹಟ್ಟಿಯ ದನಗಳ ಕಿಲಾರಿ, ಅಂದರೆ ಇಡೀ ಮಂದೆಯ ಹೊಣೆ ಹೊತ್ತವರು. ಮಾತು ಕಡಿಮೆ, ಎದೆಯೆತ್ತರದ ಕೋಲು ಹಿಡಿದು ನಿಂತರೆ ಇನ್ನೊಂದು ಗಾಳಿಗೂಟದ ಹಾಗೆ ಕಾಣುವ ಮನುಷ್ಯ. ಅವರು ಸತ್ತ ಕರುಗಳನ್ನು ಒಂದೊಂದಾಗಿ ಹೊತ್ತುಕೊಂಡು ಹೋಗಿ ಹದ್ದುಗಳಿಗೆ ಬಿಟ್ಟು ಬರುತ್ತಿದ್ದರು. ಒಂದು ದಿನ ಹಾಗೆ ಬಂದವರು ಅನ್ನದ ಮುಂದೆ ಕುಳಿತು ಕೈತೊಳೆದು ಎದ್ದುಬಿಟ್ಟರು. ಅಂದೇ ನಾನು ಪಟ್ಟಣಕ್ಕೆ ಹೇಳಿಕಳಿಸಿದೆ.

ಬಂದವರು ಜಲಜಾಕ್ಷಿ ಡಾಕ್ಟರು. ಕಡಲು ಏರಿ ಊರು ಮುಳುಗಿದಾಗ ಘಟ್ಟ ಹತ್ತಿ ಬಂದ ಮನೆತನದವರು. ತಲೆಮಾರು ಕಳೆದರೂ ಮಾತಿನಲ್ಲಿ ಇನ್ನೂ ಕರಾವಳಿಯ ರಾಗವಿದೆ. ಹೊಸ ಔಷಧಿ ತಂದಿದ್ದರು. ಬೆನ್ನಿನ ಮೇಲೆ ಒಂದು ಗೆರೆ ಸುರಿದರೆ ಸಾಕು, ಚರ್ಮದೊಳಗೆ ಇಳಿದು ಹೊಟ್ಟೆಯ ಹುಳವನ್ನು ಕೊಲ್ಲುತ್ತದೆ. ನಾವು ಅದಕ್ಕೆ ಬೆನ್ನೆಣ್ಣೆ ಎಂದು ಹೆಸರಿಟ್ಟೆವು. ನಿಮ್ಮ ಕಾಲದಲ್ಲಿ ದನದ ನೋವಿಗೆ ಕೊಟ್ಟ ಮದ್ದು ಆ ದನ ತಿಂದ ಹದ್ದುಗಳನ್ನು ಕೊಂದಿತೆಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದ್ದರಿಂದ ಯಾವ ಔಷಧಿ ಬಂದರೂ ಹದ್ದು, ಜೇನು, ಮೀನು, ಇವಕ್ಕೆ ಕೆಡುಕಿಲ್ಲವೆಂದು ನೋಡಿದ ಮೇಲೆಯೇ ಕಾವಲಿಗೆ ಬಿಡುತ್ತೇವೆ. ಬೆನ್ನೆಣ್ಣೆ ಆ ಪರೀಕ್ಷೆಗಳನ್ನೆಲ್ಲ ಗೆದ್ದಿತ್ತು. ಡಾಕ್ಟರು ಅದನ್ನು ಮತ್ತೊಮ್ಮೆ ನಮ್ಮ ಕಣ್ಣೆದುರೇ ಪರೀಕ್ಷಿಸಿದರು. ಇಡೀ ಮಂದೆಗೆ ಸುರಿದೆವು. ವಾರ ಕಳೆಯುವಷ್ಟರಲ್ಲಿ ಮಲಗಿದ್ದ ಕರುಗಳು ಎದ್ದು, ತಾಯಿಯ ಕೆಚ್ಚಲಿಗೆ ತಲೆ ಗುದ್ದತೊಡಗಿದವು. ಅಂದು ಹಟ್ಟಿಯಲ್ಲಿ ಹಬ್ಬದ ಅಡಿಗೆ. ಆ ವಾರ ಹುಟ್ಟಿದ ಒಂದು ಹೆಣ್ಣುಗರುವಿಗೆ ಬೋರಯ್ಯ ತಾವೇ ‘ಡಾಕ್ಟ್ರಮ್ಮ’ ಎಂದು ಹೆಸರಿಟ್ಟರು. ಜಲಜಾಕ್ಷಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ನನ್ನ ಹಾಗೆ ಹಠಮಾರಿ ಆಗದಿದ್ರೆ ಸಾಕು ಮಾರಾಯ್ರೆ," ಅಂದರು.

ಕರೇಕಲ್ಲು ಹಟ್ಟಿಗೂ ಬೇನೆ ಬಂದಿತ್ತು. ಅಲ್ಲಿ ನನ್ನ ಸ್ವಂತ ಅಕ್ಕ ಮಾರಕ್ಕ ಇದ್ದಾಳೆ, ಆ ಹಟ್ಟಿಗೆ ಕೊಟ್ಟ ಹೆಣ್ಣು. ಅವಳ ಮದುವೆಯಾದ ಕೆಲವು ವರ್ಷಕ್ಕೆ ಗೋಕಟ್ಟೆಯ ನೀರಿನ ವಿಷಯಕ್ಕೆ ಎರಡು ಹಟ್ಟಿಗೂ ಮಾತು ಹತ್ತಿ, ಹೋಗಿಬರುವುದು ನಿಂತುಹೋಗಿತ್ತು. ಗೋಕಟ್ಟೆ ಅಂದರೆ ದನ ನೀರು ಕುಡಿಯುವ ಸಣ್ಣ ಕೆರೆ; ನಮ್ಮದರಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ, ಅವರದರಲ್ಲಿ ಇರುವುದಿಲ್ಲ. ಆದರೂ ನಾನು ಬೆನ್ನೆಣ್ಣೆಯ ಒಂದು ಡಬ್ಬ ಕಳಿಸಿದ್ದೆ. ಅದು ಮುಚ್ಚಳ ತೆಗೆಯದೆ ವಾಪಸು ಬಂತು. ಅವರ ಮಂದೆ ದೇವರಿಗೆ ಬಿಟ್ಟ ಮಂದೆ. ಅದಕ್ಕೆ ಹೊರಗಿನ ಮದ್ದು ತಾಕಿಸುವುದಿಲ್ಲ ಎಂದು ಹೇಳಿಕಳಿಸಿದರು. ಅವರಲ್ಲಿ ಎಷ್ಟು ಕರು ಸತ್ತವೆಂದು ಹದ್ದುಗಳು ಆ ಕಡೆ ಇಳಿಯುವುದನ್ನು ನೋಡಿಯೇ ತಿಳಿದುಕೊಂಡೆವು.

ಮರುವರ್ಷ ಮುಂಗಾರಿಗೆ ಮುಂಚೆ ಮತ್ತೆ ಬೆನ್ನೆಣ್ಣೆ ಸುರಿದೆವು. ಕರುಗಳು ಚೆನ್ನಾಗಿದ್ದವು. ಆದರೆ ಕಾವಲಿನಲ್ಲಿ ಸಗಣಿ ಕರಗದೆ ಹಾಗೇ ಉಳಿಯಿತು. ನಿಮಗೆ ಇದು ದೊಡ್ಡ ಸಂಗತಿ ಅನ್ನಿಸಲಿಕ್ಕಿಲ್ಲ. ನಮ್ಮಲ್ಲಿ ಬೆಳಿಗ್ಗೆ ಹಸು ಹಾಕಿದ ಸಗಣಿ ಸಂಜೆ ಮಂದೆ ಮರಳುವ ಹೊತ್ತಿಗೆ ಬರೀ ಪುಡಿಯಾಗಿರುತ್ತಿತ್ತು. ನಾಲ್ಕಾರು ದಿನಕ್ಕೆ ಅದೂ ಇಲ್ಲ. ಈಗ ಹಾಕಿದ್ದು ಹಾಕಿದ ಕಡೆ ಒಣಗಿ, ಜೋಳದ ರೊಟ್ಟಿ ಹರಡಿಟ್ಟ ಹಾಗೆ ಬಯಲ ತುಂಬ ಬಿದ್ದಿತ್ತು. ಕೆಳಗಿನ ಹುಲ್ಲು ಬಿಳಿಚಿ ಸತ್ತಿತು. ಸುತ್ತಲಿನ ಹುಲ್ಲು ಬೆಳೆದರೂ ದನ ಬಾಯಿ ಹಾಕಲಿಲ್ಲ, ಸಗಣಿಯ ವಾಸನೆಯ ಹುಲ್ಲನ್ನು ಅವು ಮೂಸಿ ಬಿಟ್ಟುಬಿಡುತ್ತವೆ. ನೊಣ ಎಷ್ಟು ಹೆಚ್ಚಿದವೆಂದರೆ ಹಸುಗಳ ಕಣ್ಣಿನ ಸುತ್ತ ಕಾಡಿಗೆ ತೀಡಿದ ಹಾಗೆ ಕಾಣುತ್ತಿತ್ತು. ಮಳೆ ಬಿದ್ದಾಗ ನೀರು ನೆಲಕ್ಕೆ ಇಳಿಯದೆ ಕೆಂಪಗೆ ಹರಿದು ಗೋಕಟ್ಟೆಗೆ ಹೋಯಿತು. ನನಗೆ ಎಲ್ಲಕ್ಕಿಂತ ಕಳವಳವಾದದ್ದು ನೀಲಕಂಠ ಹಕ್ಕಿಗಳು ಹೋದದ್ದು. ಬೇಲಿಯ ಗೂಟಕ್ಕೊಂದರಂತೆ ಕುಳಿತು, ರೆಕ್ಕೆ ಬಿಚ್ಚಿದರೆ ಬಯಲಿಗೆಲ್ಲ ನೀಲಿ ಚೆಲ್ಲುತ್ತಿದ್ದ ಹಕ್ಕಿಗಳು. ಅವು ಜಗಳವಾಡಿ ಹೋಗಲಿಲ್ಲ, ಸತ್ತು ಬೀಳಲಿಲ್ಲ, ಸುಮ್ಮನೆ ಇಲ್ಲವಾದವು. ತಿನ್ನಲು ಏನೋ ಇಲ್ಲವಾದರೆ ಹಕ್ಕಿ ಹಾಗೆ ಹೋಗುತ್ತದೆ.

ಏನು ಇಲ್ಲವಾಯಿತೆಂದು ಹುಡುಕುತ್ತ ಗೋಕಟ್ಟೆಯ ಏರಿಯ ಬಳಿ ಕುಳಿತು ಒಂದು ಸಗಣಿಯನ್ನು ಕಡ್ಡಿಯಿಂದ ಒಡೆದೆ. ಇನ್ನೊಂದು ಒಡೆದೆ. ನೊಣದ ಮರಿಹುಳಗಳಷ್ಟೇ ಇದ್ದವು. ಸಗಣಿ ಹುಳ ಒಂದೂ ಇರಲಿಲ್ಲ. ನಿಮಗೂ ಗೊತ್ತಿರಬೇಕು, ಕಪ್ಪಗೆ ಹೊಳೆಯುವ ಗಟ್ಟಿ ಬೆನ್ನಿನ ಹುಳ. ಕೆಲವು ಸಗಣಿಯನ್ನು ಉಂಡೆ ಕಟ್ಟಿ ಹಿಂಗಾಲಿನಿಂದ ಉರುಳಿಸಿಕೊಂಡು ಹೋಗುತ್ತವೆ, ಕೆಲವು ಇದ್ದಲ್ಲೇ ಬಿಲ ತೋಡಿ ಒಳಗೆ ಸಾಗಿಸುತ್ತವೆ. ಆ ಉಂಡೆಯೊಳಗೆ ಮೊಟ್ಟೆ ಇಡುತ್ತವೆ, ಮರಿ ಅದನ್ನೇ ತಿಂದು ಬೆಳೆಯುತ್ತದೆ. ಅವು ತೋಡಿದ ಬಿಲದಲ್ಲಿ ಮಳೆನೀರು ಇಳಿಯುತ್ತದೆ, ಅವು ಹೂತಿಟ್ಟ ಸಗಣಿಯಿಂದ ಹುಲ್ಲು ಏಳುತ್ತದೆ.

ಡಾಕ್ಟರನ್ನು ಕರೆಸಿದೆ. ಅವರೂ ಏರಿಯ ಮೇಲೆ ಕುಳಿತು, ಕೈಗೆ ಮಣ್ಣು ಮೆತ್ತಿಕೊಂಡು, ಬಹಳ ಹೊತ್ತು ಒಡೆದು ನೋಡಿದರು. ಕೊನೆಗೆ ಕಡ್ಡಿ ಕೆಳಗಿಟ್ಟರು.

"ಪಾಲಕ್ಕ, ಔಷಧಿ ಹಸುವಿನ ಹೊಟ್ಟೆಯಲ್ಲಿ ಮುಗಿಯಲಿಲ್ಲ. ಸಗಣಿಯಲ್ಲಿ ಹೊರಗೆ ಬಂತು."

"ಬಂದ್ರೇನು ಡಾಕ್ಟ್ರೆ, ಅದು ಹೊಟ್ಟೆಹುಳದ ಔಷಧಿ ಅಲ್ವಾ?"

"ಹುಳಕ್ಕೆ ಹೊಟ್ಟೆಯ ಒಳಗೆ, ಹೊರಗೆ ಅಂತ ಉಂಟಾ? ಮರಿ ತಿನ್ನುವುದೇ ಸಗಣಿ." ಅವರು ಕೈಯ ಮಣ್ಣು ಉಜ್ಜಿಕೊಂಡರು. "ಹದ್ದಿಗೆ ನೋಡಿದೆವು, ಜೇನಿಗೆ ನೋಡಿದೆವು, ಮೀನಿಗೆ ನೋಡಿದೆವು. ಸಗಣಿಯಲ್ಲಿ ಒಂದು ಸಂಸಾರ ಉಂಟು ಅಂತ ನಮಗೆ ಯಾರಿಗೂ ಹೊಳೀಲಿಲ್ಲ."

ಆಮೇಲೆ ಅವರೇ ಇನ್ನೊಂದು ವಿಷಯ ಬಿಡಿಸಿ ಹೇಳಿದರು. ಅದನ್ನು ಕೇಳಿ ನಾನು ಎದ್ದು ನಿಂತುಬಿಟ್ಟೆ. ಹೊಟ್ಟೆಹುಳದ ಮೊಟ್ಟೆಗಳು ದನದ ಸಗಣಿಯಲ್ಲಿಯೇ ಹೊರಗೆ ಬರುತ್ತವೆ, ಅಲ್ಲಿಯೇ ಮರಿಯಾಗಿ ಹುಲ್ಲಿಗೆ ಹತ್ತುತ್ತವೆ, ಹುಲ್ಲಿನ ಜೊತೆ ಕರುವಿನ ಹೊಟ್ಟೆ ಸೇರುತ್ತವೆ. ಸಗಣಿ ಹುಳಗಳು ಸಗಣಿಯನ್ನು ಒಡೆದು ಒಣಗಿಸಿ, ಆಳಕ್ಕೆ ಹೂತು, ಆ ಮೊಟ್ಟೆಗಳಲ್ಲಿ ಬಹುಪಾಲನ್ನು ಹಾಳು ಮಾಡುತ್ತಿದ್ದವು. ಬಿಡದೆ ಮಳೆ ಹೊಡೆದ ಆ ಒಂದು ವರ್ಷ ಮಾತ್ರ ಅದು ಅವುಗಳ ಕೈಮೀರಿತ್ತು. ಅಂದರೆ ನಾವು ಬೇನೆಗೆ ಮದ್ದು ಹಾಕುತ್ತ, ಬೇನೆಯನ್ನು ಮೊದಲಿನಿಂದಲೂ ತಡೆಯುತ್ತಿದ್ದವರನ್ನೇ ಇಲ್ಲವಾಗಿಸಿದ್ದೆವು. ಈಗ ಮದ್ದು ನಿಲ್ಲಿಸಿದರೆ ಬೇನೆ ಮೊದಲಿಗಿಂತ ಜೋರಾಗಿ ಬರುತ್ತದೆ. ನಿಲ್ಲಿಸದಿದ್ದರೆ ಹುಲ್ಲು ಹೋಗುತ್ತದೆ.

ಗಾಳಿಗೂಟದ ಬುಡದಲ್ಲಿ ಹಟ್ಟಿ ಸೇರಿತು. ಡಾಕ್ಟರು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಯಾರೂ ಅವರ ಮೇಲೆ ಕೂಗಾಡಲಿಲ್ಲ, ಅದಕ್ಕೆ ನನಗೆ ನಮ್ಮವರ ಮೇಲೆ ಹೆಮ್ಮೆ. ಬೋರಯ್ಯ ಮಾತ್ರ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಎದ್ದರು.

"ಡಾಕ್ಟ್ರೇ, ನಿಮ್ ಮಾತು ಸುಳ್ಳು ಅನ್ನಲ್ಲ. ಆದ್ರೆ ಕರುಗಳ್ನ ಹೊತ್ಕೊಂಡು ಹೋಗಿ ಹದ್ದಿಗೆ ಹಾಕಿದೋನು ನಾನು. ಎಣ್ಣೆ ನಿಲ್ಸಿ ಅಂದ್ರೆ ನನ್ ಕೈಲಾಗಲ್ಲ."

"ಬಾವ, ಹುಲ್ಲೇ ಇಲ್ದಿದ್ರೆ ಕರು ಏನ್ ತಿಂತೈತೆ?" ಎಂದೆ ನಾನು.

"ಅದನ್ನ ನೀನ್ ಹೇಳವ್ವ. ನಂಟುಗಾರ್ತಿ ನೀನು," ಎಂದು ಕುಳಿತುಬಿಟ್ಟರು. ಕೋಪದಿಂದ ಅಂದದ್ದಲ್ಲ. ದಾರಿ ಕಾಣದೆ ಅಂದದ್ದು.

ಡಾಕ್ಟರು ಒಂದು ಉಪಾಯ ಹೇಳಿದರು. ಮಂದೆಗೆಲ್ಲ ಸುರಿಯುವುದು ಬೇಡ, ಮಲಗಿದ ಕರುವಿಗೆ ಮಾತ್ರ ಮದ್ದು. ಮದ್ದು ಹಾಕಿದ ಕರುವನ್ನು ದೊಡ್ಡಿಯಲ್ಲಿ ಕಟ್ಟಿ ಮೇಯಿಸುವುದು, ಅದರ ಸಗಣಿಯನ್ನು ಗುಂಡಿಗೆ ಹಾಕಿ ಮುಚ್ಚುವುದು, ಮದ್ದು ಮೈಯಿಂದ ಪೂರ್ತಿ ಇಳಿದ ಮೇಲೆ ಕಾವಲಿಗೆ ಬಿಡುವುದು. ಬೋರಯ್ಯ ಇದಕ್ಕೆ ತಲೆದೂಗಿದರು. ಆದರೆ ಹುಳಗಳನ್ನು ಎಲ್ಲಿಂದ ತರುವುದು? ಬಯಲೆಲ್ಲ ತಿರುಗಿದರೂ ಒಂದೂ ಸಿಗಲಿಲ್ಲ. ಉಳಿದಿರಬಹುದಾದ ಜಾಗ ಒಂದೇ, ಬೆನ್ನೆಣ್ಣೆಯ ಡಬ್ಬವನ್ನು ಮುಚ್ಚಳ ತೆಗೆಯದೆ ವಾಪಸು ಕಳಿಸಿದ ಜಾಗ.

ಗಾಜುಹೊಲವನ್ನು ನೇರ ದಾಟಲಾಗುವುದಿಲ್ಲ. ಡಾಕ್ಟರ ಬಿಸಿಲುಬಂಡಿಯಲ್ಲಿ ಸುತ್ತು ಹಾಕಿ ಹೋದೆವು. ಮಾರಕ್ಕ ಮನೆಯ ಮುಂದೆ ಕಟ್ಟೆಯ ಮೇಲೆ ಕುಳಿತು ಮಜ್ಜಿಗೆ ಕಡೆಯುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಅವಳ ಮುಖ ನೋಡಿದ್ದು. ಅವ್ವನ ಹಾಗೇ ಆಗಿದ್ದಳು. ನನ್ನನ್ನು ನೋಡಿದಳು, ಕಡೆಯುವುದು ನಿಲ್ಲಿಸಲಿಲ್ಲ.

"ಯಾರು ಸತ್ರು?" ಎಂದಳು.

"ಯಾರೂ ಇಲ್ಲ ಕಣಕ್ಕ."

"ಮತ್ಯಾಕೆ ಬಂದೆ?"

"ಸಗಣಿ ಹುಳ ಕೇಳಾಕೆ ಬಂದೀನಿ."

ಕಡೆಗೋಲು ನಿಂತಿತು. ನನ್ನ ಮುಖ, ಡಾಕ್ಟರ ಮುಖ, ಮತ್ತೆ ನನ್ನ ಮುಖ ನೋಡಿದಳು. ಆಮೇಲೆ ಅವಳು ನಕ್ಕ ನಗೆಗೆ ಒಳಗಿದ್ದವರೆಲ್ಲ ಹೊರಗೆ ಬಂದರು. ನಗುತ್ತ ನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, "ನಮ್ಮ ಮಂದೇಲಿ ಆ ವರ್ಷದ ಕರು ಅರ್ಧಕ್ಕರ್ಧ ಹೋದ್ವು ಪಾಲಿ," ಎಂದಳು. "ನೀನ್ ಕಳಿಸಿದ ಡಬ್ಬ ನನ್ ಕೈಯಾಗೇ ಇತ್ತು. ವಾಪಸ್ ಕಳಿಸೋವಾಗ ನನ್ ಹೊಟ್ಟೆ ಎಷ್ಟು ಉರೀತು ಅಂತ ನಿಂಗೇನ್ ಗೊತ್ತು."

ನಾನು ಅವಳ ಪಕ್ಕ ಕುಳಿತೆ. ಅವಳೇ ಕಡೆಗೋಲು ನನ್ನ ಕೈಗೆ ಕೊಟ್ಟು, "ಕಡೀ. ಬೆಣ್ಣೆ ಬಂದಿಲ್ಲ ಇನ್ನೂ," ಎಂದು ಎದ್ದು ಹೋಗಿ ಡಾಕ್ಟರಿಗೆ ಕಾಲಿಗೆ ನೀರು ತಂದಳು.

ಅವರ ಕಾವಲಿಗೆ ಕರೆದುಕೊಂಡು ಹೋದಳು. ಒಂದು ಹಸು ಆಗತಾನೆ ಸಗಣಿ ಹಾಕಿತ್ತು. ನಾವು ನಿಂತು ನೋಡುತ್ತಿದ್ದಂತೆ ಗಾಳಿಯಲ್ಲಿ ಗುಂಯ್ ಎನ್ನುತ್ತ ಒಂದು ಬಂತು, ಸರಿಯಾಗಿ ಇಳಿಯಲಾರದೆ ಸಗಣಿಯ ಪಕ್ಕ ಬೆನ್ನಡಿಯಾಗಿ ಬಿತ್ತು, ಕಾಲು ಬಡಿದು ಮಗುಚಿಕೊಂಡಿತು. ಹಿಂದೆಯೇ ಇನ್ನೊಂದು, ಆಮೇಲೆ ಎಣಿಸಲಾಗದಷ್ಟು. ಡಾಕ್ಟರು ಮಂಡಿಯೂರಿ ಕುಳಿತುಬಿಟ್ಟರು. ಮುಖ ಚಿಕ್ಕ ಹುಡುಗಿಯ ಮುಖದಂತಾಗಿತ್ತು.

ಬುಟ್ಟಿಗಳಲ್ಲಿ ಸಗಣಿ ಸಮೇತ ಹುಳಗಳನ್ನು ತುಂಬಿಕೊಂಡು ಬಂದೆವು. ಅರ್ಧದಷ್ಟು ದಾರಿಯಲ್ಲೇ ಬೆಂದು ಸತ್ತವು. ಉಳಿದವನ್ನು ನಮ್ಮ ಬಯಲಿಗೆ ಬಿಟ್ಟಾಗ ಒಂದೆರಡು ದಿನ ಕಂಡವು, ಆಮೇಲೆ ಕಾಣಲಿಲ್ಲ. ಮತ್ತೆ ತಂದೆವು, ಮತ್ತೆ ಹಾಗೆಯೇ. ಮೂರನೆಯ ಸಲ ಹೋದಾಗ ಮಾರಕ್ಕ ಬುಟ್ಟಿಯನ್ನು ಕಸಿದುಕೊಂಡು ಪಕ್ಕಕ್ಕಿಟ್ಟಳು.

"ಇದು ತರಕಾರಿ ಅಲ್ಲ ಕಣೆ ಬುಟ್ಟೀಲಿ ಹೊರಾಕೆ. ಅವು ದನದ ಹಿಂದೆ ಬರೋವು. ಮಂದೆ ನಿಮ್ಮ ಕಡೆ ಬಂದ್ರೆ, ಸಗಣಿ ಹಾಕ್ಕೊಂತ ಬಂದ್ರೆ, ಅದರ ಹಿಂದೆ ಅವೂ ಬರ್ತಾವೆ."

"ಗಾಜುಹೊಲ ಐತಲ್ಲಕ್ಕ ನಡುವೆ. ದನದ ಕಾಲು ಸೀಳಿಹೋಗ್ತಾವೆ."

"ಗಾಜು ಆರಿಸಾಣ."

ಅಷ್ಟು ಸಲೀಸಾಗಿ ಹೇಳಿದಳು. ಅವಳ ಹಟ್ಟಿಯವರು ಒಂದು ಷರತ್ತು ಹಾಕಿದರು: ಮಂದೆ ಬಂದರೆ ಬೇಸಿಗೆ ಮುಗಿಯುವ ತನಕ ನಮ್ಮ ಗೋಕಟ್ಟೆಯಲ್ಲಿ ನೀರು ಕುಡಿಯಬೇಕು, ಪ್ರತಿ ವರ್ಷವೂ. ನಮ್ಮಲ್ಲಿ ಇದರ ಬಗ್ಗೆ ದೊಡ್ಡ ವಾದವಾಗುತ್ತದೆಂದು ನಾನು ಹೆದರಿದ್ದೆ. ಮದ್ದು ಕಾಣದ ಮಂದೆ ನಮ್ಮ ಕರುಗಳ ಜೊತೆ ಮೇದರೆ ಹೊಟ್ಟೆಹುಳ ಹರಡುವ ಭಯವೂ ಇತ್ತು. ಬೋರಯ್ಯ ಒಂದು ದಿನ ಪೂರ್ತಿ ಕರುಗಳ ದೊಡ್ಡಿಯಲ್ಲೇ ಕಳೆದರು. ಮರುದಿನ ಬೆಳಿಗ್ಗೆ ಬಂದು, "ನಮ್ಮ ಎಳೆಗರುಗಳ್ನ ಒಂದು ಸುತ್ತಿನ ಮಳೆ ಮುಗಿಯೋಗಂಟ ದೊಡ್ಡೀಲಿ ಕಟ್ತೀನಿ. ಹುಲ್ಲು ಕೊಯ್ದು ಹಾಕ್ತೀನಿ. ಕಷ್ಟ ಆಗ್ತೈತೆ, ಆಗಲಿ," ಎಂದು ಹೇಳಿ, ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಗಾಜುಹೊಲದ ಕಡೆ ನಡೆದರು. ಎಲ್ಲರಿಗಿಂತ ಮೊದಲು ಗಾಜು ಆರಿಸಲು ಬಗ್ಗಿದವರು ಅವರೇ.

ಗಾಜುಹೊಲದ ಮಧ್ಯೆ ಮಂದೆ ನಡೆಯುವಷ್ಟು ಅಗಲದ ಒಂದು ದಾರಿ. ನಾವು ಈ ತುದಿಯಿಂದ, ಅವರು ಆ ತುದಿಯಿಂದ. ಸೂರ್ಯ ಹುಟ್ಟುವ ಮುಂಚೆ ಶುರು, ಬೇಯುಹೊತ್ತಿಗೆ ನಿಲ್ಲಿಸಿ, ಸಂಜೆ ಮತ್ತೆ. ದಪ್ಪ ಚರ್ಮದ ಕೈಗವಸು ಹಾಕಿಕೊಂಡು ದೊಡ್ಡ ಚೂರುಗಳನ್ನು ಆರಿಸಿ ರಾಶಿ ಹಾಕುವುದು, ಸಣ್ಣ ಪುಡಿಯ ಮೇಲೆ ಗೋಕಟ್ಟೆಯ ಗೋಡುಮಣ್ಣು ಹರಡಿ ತುಳಿಯುವುದು. ಮೊದಮೊದಲು ಆ ಕಡೆಯವರು ದೂರದ ಚುಕ್ಕೆಗಳು. ಆಮೇಲೆ ಬಣ್ಣ ಕಂಡಿತು, ಆಮೇಲೆ ಯಾರು ಯಾರೆಂದು ಗುರುತು ಸಿಕ್ಕಿತು, ಆಮೇಲೆ ಮಾತು ಕೇಳಿಸತೊಡಗಿತು. ಒಂದು ಸಂಜೆ ಅವರ ಕಡೆಯಿಂದ ಯಾರೋ ಹಾಡು ಎತ್ತಿದರು, ನಮ್ಮ ಕಡೆಯವರು ಸೊಲ್ಲು ಸೇರಿಸಿದರು. ಒಂದೇ ಹಾಡು, ಎರಡು ಹಟ್ಟಿಯಲ್ಲಿ ಒಂದೆರಡು ಮಾತು ಬೇರೆ ಬೇರೆ ಆಗಿತ್ತು. ಯಾವುದು ಸರಿ ಎಂದು ಕೊನೆಯವರೆಗೂ ಜಗಳವಾಡಿದರು. ಎರಡು ದಾರಿ ಕೂಡಿದ ದಿನ ಮಾರಕ್ಕನೂ ನಾನೂ ಎದುರುಬದುರು ನಿಂತಿದ್ದೆವು. ಅವಳ ಕೈಯಿಂದ ರಕ್ತ ಬರುತ್ತಿತ್ತು, ನನ್ನ ಮೊಣಕಾಲು ತರಚಿಹೋಗಿತ್ತು. "ನಿನ್ ಕಡೆ ಗಾಜು ಕಮ್ಮಿ ಇತ್ತು," ಎಂದಳು. ಹೌದಕ್ಕ ಅಂದೆ. ವಾದ ಮಾಡುವ ಮನಸ್ಸಾಗಲಿಲ್ಲ.

ಮೊದಲ ಹನಿ ಬಿದ್ದ ಮೇಲೆ ದೇವರ ಮಂದೆ ಹೊರಟಿತು. ಬೇಕೆಂದೇ ನಿಧಾನವಾಗಿ ಹೊಡೆದುಕೊಂಡು ಬಂದರು. ಗಾಜುಹೊಲದಲ್ಲಿಯೇ ದಿನಗಟ್ಟಲೆ ತಂಗಿದರು, ಹುಲ್ಲು ನಾವು ಹೊತ್ತು ಹಾಕಿದೆವು. ಹಸುಗಳು ಸಗಣಿ ಹಾಕುತ್ತ ಬಂದವು. ಹಸುಗಳ ಹಿಂದೆ, ಒಂದು ಸಗಣಿಯಿಂದ ಇನ್ನೊಂದಕ್ಕೆ ಹಾರುತ್ತ ಹುಳಗಳು ಬಂದವು. ಬುಟ್ಟಿಯಲ್ಲಿ ತಂದಾಗ ಬದುಕದ ಹುಳ, ತನ್ನ ಊಟದ ದಾರಿ ಹಿಡಿದು ತಾನೇ ಬಂದಿತು. ಹುಳಗಳ ಹಿಂದೆ, ಯಾರೂ ಎದುರುನೋಡಿರದ ಹಾಗೆ, ನೀಲಕಂಠ ಹಕ್ಕಿಗಳು ಬಂದವು. ಗಾಜಿನ ರಾಶಿಗಳ ಮೇಲೆ ಕುಳಿತು, ಇಳಿದು, ಹೆಕ್ಕಿ, ಮತ್ತೆ ಕುಳಿತು. "ಅಯ್ಯೋ, ಇವು ಎಲ್ಲಾ ತಿಂದುಬಿಡ್ತಾವಲ್ಲ," ಎಂದು ಬೋರಯ್ಯ ಕೋಲೆತ್ತಿ ಓಡಿಸಲು ಹೋದರು. ಡಾಕ್ಟರು ಅವರ ರಟ್ಟೆ ಹಿಡಿದು ನಿಲ್ಲಿಸಿದರು. "ತಿನ್ನಲಿ ಬಿಡಿ. ಹಕ್ಕಿ ಬಂತು ಅಂದ್ರೆ ಹುಳ ಸಾಕಷ್ಟು ಉಂಟು ಅಂತ ಲೆಕ್ಕ."

ಒಂದೇ ವರ್ಷಕ್ಕೆ ಎಲ್ಲ ಸರಿಹೋಯಿತೆಂದು ಬರೆದರೆ ತಪ್ಪಾದೀತು. ಆ ಮಳೆಗಾಲದಲ್ಲಿ ನಮ್ಮ ಕೆಲವು ಕರು ಬೇನೆಗೆ ಬಿದ್ದವು, ಎರಡು ಸತ್ತವು. ದೇವರ ಮಂದೆಯಲ್ಲೂ ಒಂದು ಕರು ಮಲಗಿತು. ಅದಕ್ಕೆ ಮದ್ದು ಹಾಕಬೇಕೋ ಬೇಡವೋ ಎಂದು ಕರೇಕಲ್ಲಿನವರು ತಮ್ಮಲ್ಲೇ ಕುಳಿತು ಮಾತಾಡಿಕೊಂಡರು, ಕೊನೆಗೆ ಮಾರಕ್ಕ ಡಾಕ್ಟರ ಬಳಿ ಬಂದು, "ಮಂದೆಗೆ ಬ್ಯಾಡ. ಇದೊಂದಕ್ಕೆ ಹಾಕ್ರಿ. ದೇವರಿಗೆ ನಾನ್ ಹೇಳ್ಕೊಂತೀನಿ," ಎಂದಳು. ಆ ಕರು ಬದುಕಿತು. ಎರಡನೆಯ ಸುತ್ತಿನ ಮಳೆಗೆ ನಮ್ಮ ಬಯಲಿನ ಬಡಗಣ ಮೂಲೆಯಲ್ಲಿ ಹುಳಗಳು ಮರಿಮಾಡಿದ್ದು ಕಂಡಿತು. ಈ ವರ್ಷ ಬಯಲ ತುಂಬ ಇವೆ. ಹಳೆಯ ಒಣಸಗಣಿಗಳು ಪುಡಿಯಾಗಿ, ಅವು ಬಿದ್ದಿದ್ದ ಗುಂಡನೆಯ ಬಿಳಿ ಕಲೆಗಳ ಮೇಲೆ ಹುಲ್ಲು ಉಳಿದೆಡೆಗಿಂತ ಕಡುಹಸಿರಾಗಿ ಎದ್ದಿದೆ. ಮೊನ್ನೆ ಜೋರು ಮಳೆಯಾಯಿತು. ಗೋಕಟ್ಟೆಗೆ ತಿಳಿನೀರು ಬಂತು. ಬೇನೆಗೆ ಬಿದ್ದ ಕರು ಈ ವರ್ಷ ಇಲ್ಲವೆನ್ನುವಷ್ಟು ಕಡಿಮೆ. ಬೋರಯ್ಯ ಹೊಟ್ಟೆತುಂಬ ಉಣ್ಣುತ್ತಾರೆ. ಜಲಜಾಕ್ಷಿ ಡಾಕ್ಟರು ಪಟ್ಟಣಕ್ಕೆ ಮರಳಲಿಲ್ಲ. ಯಾವ ಮದ್ದು ಬಂದರೂ ಈಗ ಹದ್ದು, ಜೇನು, ಮೀನಿನ ಜೊತೆ ಸಗಣಿಯನ್ನೂ ಪರೀಕ್ಷೆ ಮಾಡುತ್ತಾರೆ, ಬೇರೆ ಕಾವಲುಗಳಿಗೂ ಹೋಗಿ ಹೇಳಿಕೊಡುತ್ತಾರೆ.

ಇಷ್ಟನ್ನು ನಿಮಗೆ ಯಾಕೆ ಬರೆಯುತ್ತಿದ್ದೇನೆಂದರೆ, ಒಂದು ದಿನ ನಾನು ಮಾರಕ್ಕನನ್ನು ಕೇಳಿದೆ. ನಮ್ಮ ಹಿರೇಕಾವಲು ಒಂದು ಕಾಲದಲ್ಲಿ ಉತ್ತು, ಗೊಬ್ಬರ ಸುರಿದು, ಕೊನೆಗೆ ಬರಡಾಗಿ, ಮತ್ತೆ ಹುಲ್ಲಿಗೆ ಬಿಟ್ಟ ನೆಲ. ಅಲ್ಲಿಗೆ ಮೊಟ್ಟಮೊದಲು ಸಗಣಿ ಹುಳ ಬಂದದ್ದಾದರೂ ಎಲ್ಲಿಂದ? ಅವಳು ಅವರ ಕಾವಲಿನ ಒಂದು ತುಂಡು ನೆಲ ತೋರಿಸಿದಳು. ದೊಡ್ಡದೇನಲ್ಲ, ಕೂಗಿದರೆ ಆಚೆ ತುದಿಗೆ ಕೇಳಿಸುತ್ತದೆ. ಅದನ್ನು ಅವರು ಬಿಟ್ಟಹುಲ್ಲು ಎನ್ನುತ್ತಾರೆ. ಅದಕ್ಕೆ ಎಂದೂ ನೇಗಿಲು ತಾಕಿಲ್ಲವಂತೆ, ಯಂತ್ರ ತಾಕಿಲ್ಲವಂತೆ, ಮೇಲೆ ಯಾವ ಹಲಗೆಯನ್ನೂ ಹಾಸಿಲ್ಲವಂತೆ. ಸುತ್ತಲೂ ಎಲ್ಲ ಹೋದಾಗ ಆ ತುಂಡು ಉಳಿಯಿತು. ಹುಲ್ಲಿನ ಬೀಜ, ಹುಳ, ಇರುವೆ, ನೀಲಕಂಠ, ಎಲ್ಲವೂ ಅಲ್ಲಿಂದಲೇ ಹೊರಟು ಹರಡಿದವು. "ಯಾರು ಬಿಟ್ಟದ್ದಕ್ಕ?" ಎಂದೆ. "ಯಾರಿಗ್ ಗೊತ್ತು," ಎಂದಳು. "ನಮ್ ಮುತ್ತಜ್ಜಿಯ ಮುತ್ತಜ್ಜಿ ಕಾಲದ ಯಾರೋ ಇದನ್ನ ಕೊಡಲ್ಲ ಅಂದ್ರಂತೆ. ಹೆಸರು ಯಾರೂ ನೆನಪಿಟ್ಟುಕೊಂಡಿಲ್ಲ."

ಆ ಯಾರೋ ನಿಮ್ಮ ಕಾಲದವರು. ಈ ಕಾಗದ ಅವರಿಗೆ. ಅವರ ಕಾಗದಪತ್ರದಲ್ಲಿ ಆ ನೆಲವನ್ನು ಬಂಜರು ಎಂದು ಬರೆದಿರಬಹುದು, ಅದರಿಂದ ಯಾರಿಗೂ ಉಪಯೋಗವಿಲ್ಲವೆಂದು ಜನ ಹೇಳಿರಬಹುದು. ಅವರು ಯಾಕೆ ಒಪ್ಪಲಿಲ್ಲವೋ ತಿಳಿಯದು. ಹಠಕ್ಕೋ, ಭಯಕ್ಕೋ, ದನ ಮೇಯಿಸಲು ಬೇರೆ ಜಾಗವಿಲ್ಲದ್ದಕ್ಕೋ. ಅವರಿಗೆ ಸಗಣಿ ಹುಳದ ವಿಷಯ ಗೊತ್ತಿತ್ತೆಂದೂ ನನಗೆ ಅನ್ನಿಸುವುದಿಲ್ಲ. ಇದನ್ನು ಓದುತ್ತಿರುವವರು ನೀವೇ ಆಗಿದ್ದರೆ, ನಿಮ್ಮ ಊರಿನ ಅಂಚಿನಲ್ಲಿ ಅಂಥದೊಂದು ತುಂಡು ಹುಲ್ಲು ಇದ್ದು, ಅದನ್ನು ಕೇಳಿಕೊಂಡು ಯಾರೋ ನಿಮ್ಮ ಬಾಗಿಲಿಗೆ ಬಂದಿದ್ದರೆ, ಕೊಡಲ್ಲ ಅನ್ನಿ. ಕಾರಣ ಕೇಳಿದರೆ ಹೇಳಲು ಏನೂ ಹೊಳೆಯದಿದ್ದರೂ ಪರವಾಗಿಲ್ಲ. ಕೊಡಲ್ಲ ಅಂದರೆ ಸಾಕು, ಉಳಿದದ್ದನ್ನು ಆ ನೆಲವೇ ನೋಡಿಕೊಳ್ಳುತ್ತದೆ.

ನಾವು ಚೆನ್ನಾಗಿದ್ದೇವೆ. ನೀವು ನಮಗಾಗಿ ಚಿಂತೆ ಮಾಡುತ್ತ ಕೂರುವವರಾದರೆ ಅದನ್ನಷ್ಟು ತಿಳಿದುಕೊಳ್ಳಿ. ಮಳೆ ನಿಂತಿದೆ, ದನ ಬಿಡುವ ಹೊತ್ತಾಯಿತು, ನಾನೂ ಅವುಗಳ ಹಿಂದೆ ಹೊರಟೆ.

ನಿಮ್ಮ ನೆಲದ ಮೇಲೆ ಬದುಕುತ್ತಿರುವ
ಪಾಲಕ್ಕ